ಉಳಿದ ಮಾತ್ರೆ ಎರಡು

ಜನವರಿ 11

ಚಿನಕುರುಳಿ,

ನಿನ್ನ ಕಾಟ ತಡೀಲಾರದೆ ನಿನ್ನೆ ಹೋಗಿ ನಿಮ್ಮ ಬಿಪಿ ಸಂಶೋಧನೆಗೆ ಸೇರ್ಕೊಂಡೆ. ಈಗ ಸಮಾಧಾನ ಆಯ್ತಾ?

ಎರಡು ಗಂಟೆ ಕೂರಿಸಿದ್ರು. ಮೂರು ಸಲ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ್ರು. ನಾನು ನನ್ನ ಬಸ್ಸಿನ ಟೈರನ್ನೂ ಅಷ್ಟು ಸಲ ನೋಡಲ್ಲ. 168, 166, 170. ಡಾಕ್ಟರು ಮುಖ ಸಣ್ಣ ಮಾಡ್ಕೊಂಡ್ರು. ನಮ್ಮ ಡಿಪೋ ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ ಅಂದೆ: ಜೂನ್ ತಿಂಗಳ ತಪಾಸಣೆಯೊಳಗೆ ಬಿಪಿ ಇಳೀಬೇಕು, ಇಲ್ಲಾಂದ್ರೆ ಸ್ಟೇರಿಂಗ್ ಮರೆತುಬಿಡು ಅಂತ. "ಹಾಗಾದ್ರೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ" ಅಂದ್ರು. ಬರದೆ ಏನು ಮಾಡ್ಲಿ, ಇಪ್ಪತ್ತೆರಡು ವರ್ಷದಿಂದ ಕೂತಿರೋ ಸೀಟು ಅದು.

ಹದಿನಾರು ಪುಟದ ಒಪ್ಪಿಗೆ ಪತ್ರ ಓದಿಸಿದ್ರು. ಆಮೇಲೆ ಕಂಪ್ಯೂಟರು ಚೀಟಿ ಎತ್ತಿತು. ನಾನು 'ಬೇಗ' ಗುಂಪು. ಅಂದ್ರೆ ಬಿಪಿ ಇಳೀದೆ ಇದ್ರೆ ತಿಂಗಳಿಗೊಂದು ಮಾತ್ರೆ ಸೇರಿಸ್ತಾ ಮೂರರ ತನಕ ಹೋಗೋದು. ಇನ್ನೊಂದು ಗುಂಪಿಗೆ ಮೂರು ತಿಂಗಳಿಗೊಂದಂತೆ. ಯಾವುದು ಒಳ್ಳೇದು ಅಂತ ಗೊತ್ತಿಲ್ಲದೆ ಇರೋದಕ್ಕೇ ಈ ಸಂಶೋಧನೆ ಅಂದ್ರು. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಡಾಕ್ಟರನ್ನ ಮೊದಲ ಸಲ ನೋಡ್ದೆ ಕಣೆ, ಅದಕ್ಕೇ ಸಹಿ ಹಾಕ್ದೆ.

ಡಬ್ಬಿಯಲ್ಲಿ ಮೂವತ್ತೆರಡು ಮಾತ್ರೆ. ಮೂವತ್ತು ದಿನ ಆದ್ಮೇಲೆ ನರ್ಸು ಮನೆಗೇ ಬಂದು ಎಣಿಸ್ತಾರೆ. ಎರಡು ಉಳಿದಿರ್ಬೇಕು.

ನನ್ನ ನಂಬರು 417. ನೀನು ಅಲ್ಲಿ ದಿನಾ ನಂಬರ್ ನೋಡ್ತಾ ಕೂತಿರ್ತೀಯಲ್ಲ, ಕಂಡ್ರೆ ನಮಸ್ಕಾರ ಹೇಳು.

ಇದನ್ನ ನಮ್ಮ ಡಿಪೋದ ಡ್ರೈವರು ಮೀಸೆ ಕೈಯಲ್ಲಿ ಕಳಿಸ್ತಿದ್ದೀನಿ. ನಿಮ್ಮೂರಿನ ರೂಟು ಈಗ ಅವನದೇ.

ನಿನ್ನ
ಚಿಕ್ಕಮ್ಮ


ಜನವರಿ 19

ಚಿಕ್ಕಮ್ಮಾ!!

ಅಯ್ಯೋ ನಂಬರ್ ಯಾಕೆ ಹೇಳ್ದೆ? ಅದನ್ನ ಹೇಳ್ಬಾರದು! ಈ ಸಂಶೋಧನೆಯ ಲೆಕ್ಕವೆಲ್ಲ ಬರೋ ನಮ್ಮ ಡೇಟಾ ರೂಮಲ್ಲಿ ಯಾರಿಗೂ ಹೆಸರಿಲ್ಲ, ಊರಿಲ್ಲ. ಎರಡು ಸಾವಿರ ಜನ, ಎರಡು ಸಾವಿರ ನಂಬರ್. ಯಾರು ಅಂತ ಗೊತ್ತಿದ್ರೆ ಅವರ ಕಡೆ ವಾಲಿಬಿಡ್ತೀವಿ ಅಂತ ಈ ನಿಯಮ. ನನ್ನ ಮೇಲಿನವರಿಗೆ (ನಾವು ಅವರನ್ನ 'ಹೆಡ್‌ಮಾಸ್ಟ್ರು' ಅಂತೀವಿ, ಆದ್ರೆ ಹೆಂಗಸು) ಈ ವಿಷಯ ತಿಳಿಸ್ಬೇಕು. ತಿಳಿಸಲ್ಲ. ಮರೆತುಬಿಡ್ತೀನಿ. ಈಗಾಗ್ಲೇ ಅರ್ಧ ಮರೆತೆ. ನಾಲ್ಕು ನೂರ ಎಷ್ಟೋ.

ನೀನು ಸೇರಿದ್ದು ಎಷ್ಟು ಖುಷಿ ಅಂದ್ರೆ ಕ್ಯಾಂಟೀನಲ್ಲಿ ಒಬ್ಬಳೇ ನಗ್ತಾ ಕೂತಿದ್ದೆ. ಅಮ್ಮನಿಗೆ ನಲವತ್ತೊಂಬತ್ತಕ್ಕೆ ಲಕ್ವ ಹೊಡೆದಾಗ ಅವಳ ಬಿಪಿ ಎಷ್ಟಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ, ಯಾಕಂದ್ರೆ ಯಾರೂ ನೋಡಿರಲೇ ಇಲ್ಲ. ನೀನು ಅವಳ ತಂಗಿ. ನಿನಗೆ ಬರೋ ಆಗಸ್ಟಿಗೆ ನಲವತ್ತೊಂಬತ್ತು. ಇಷ್ಟೇ, ಇನ್ನು ಈ ಮಾತು ಎತ್ತಲ್ಲ.

ಕಾಗದ ಬರೆಯೋದು ಮಜವಾಗಿದೆ ಕಣೇ. ಡ್ಯೂಟೀಲಿ ನೀನು ಫೋನ್ ಮುಟ್ಟೋ ಹಾಗಿಲ್ಲ, ರೂಮೊಳಗೆ ನನ್ನ ಫೋನ್ ಬಿಡಲ್ಲ, ಸಂಜೆ ಮಾತಾಡೋಕೆ ಕೂತ್ರೆ ಜಗಳ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕೋಕಾಗಲ್ಲ. ಹಹ.

ಮಾತ್ರೆ ತಪ್ಪಿಸ್ಬೇಡ.

ನಿನ್ನ
ಚಿನಕುರುಳಿ


ಮಾರ್ಚ್ 2

ಚಿನಕುರುಳಿ,

ನಮ್ಮ ನರ್ಸಮ್ಮನ ಬಗ್ಗೆ ಹೇಳ್ತೀನಿ ಕೇಳು. ವಯಸ್ಸು ಐವತ್ತೈದರ ಮೇಲಿದೆ, ಎರಡೂ ಮಂಡಿ ಹೋಗಿವೆ. ನಮ್ಮ ಮೂರನೇ ಮಹಡಿಗೆ ಲಿಫ್ಟಿಲ್ಲ. ಹತ್ತಿ ಬರೋ ಸದ್ದು ನನಗೆ ಒಳಗೇ ಕೇಳುತ್ತೆ. ಎರಡು ಮೆಟ್ಟಿಲು, ಒಂದು ಉಸಿರು, ಎರಡು ಮೆಟ್ಟಿಲು, ಒಂದು "ಅಮ್ಮಾ." ಬಂದವರೇ ನೀಲಿ ತಟ್ಟೆ ತೆಗೆದು ಮಾತ್ರೆ ಸುರಿದು ಚಪ್ಪಟೆ ಕಡ್ಡೀಲಿ ಐದೈದೇ ಸರಿಸ್ತಾ ಎಣಿಸ್ತಾರೆ. ಲೆಕ್ಕ ತಪ್ಪಿದ್ರೆ ಗುಲಾಬಿ ಫಾರಂ ತುಂಬಬೇಕು, ಮುಂದಿನ ವಾರ ಮತ್ತೆ ಬಂದು ಎಣಿಸ್ಬೇಕಂತೆ.

"ತಪ್ಪೋದೇ ಜಾಸ್ತಿ. ಈ ವಾರದಲ್ಲಿ ನಾಲ್ಕು ಗುಲಾಬಿ" ಅಂದ್ರು.

"ಎಲ್ಲಾ ಮೂರನೇ ಮಹಡೀನಾ?" ಅಂದೆ.

"ಒಂದು ಐದನೇದು" ಅಂತ ಮಂಡಿ ಒತ್ಕೊಂಡ್ರು.

ನನ್ನ ಲೆಕ್ಕ ಸರಿ ಇತ್ತು. ಎರಡು ಉಳಿದಿತ್ತು. ಆದ್ರೆ ಬಿಪಿ 164, ಹಾಗಾಗಿ ಎರಡನೇ ಮಾತ್ರೆಯೂ ಬಂತು. ಮೊದಲನೇದು ಮೈಯಲ್ಲಿರೋ ನೀರು ಇಳಿಸೋದಂತೆ. ಇಳಿಸುತ್ತೆ, ಅದಂತೂ ನಿಜ.

ರೂಟು ಹಳೇದೇ. ನಾಲ್ಕೂವರೆ ಗಂಟೆ, ಮಧ್ಯೆ ಒಂದೇ ಸ್ಟಾಪು. ಅಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ರ ಅಂದ್ರೆ ಇವನು ಅವನ ಕಡೆ ಕೈ ತೋರಿಸ್ತಾನೆ, ಅವನು ಇವನ ಕಡೆ. ಗಂಡಸು ಡ್ರೈವರುಗಳಿಗೆ ಗೋಡೆ ಇದೆ. ಹೋಗ್ಲಿ ಬಿಡು.

ಚೆನ್ನಾಗಿ ತಿನ್ನು.

ಚಿಕ್ಕಮ್ಮ


ಏಪ್ರಿಲ್ 20

ಚಿಕ್ಕಮ್ಮ,

ಬೈಬೇಡ. ನೋಡ್ಬಿಟ್ಟೆ. ಬೇಕೂಂತ ಅಲ್ಲ, ಅದೇ ಬಂತು.

ವಿಚಿತ್ರವಾಗಿರೋ ಲೆಕ್ಕ ಬಂದ್ರೆ ನಮ್ಮ ಕಂಪ್ಯೂಟರು ಹಳದಿ ಪ್ರಶ್ನೆ ಎತ್ತುತ್ತೆ. ನಾವು ಅದನ್ನ ಆಯಾ ಊರಿನ ನರ್ಸಿಗೆ ಕಳಿಸಿ ವಿಚಾರಿಸ್ಬೇಕು. ಮೊನ್ನೆ ನನ್ನ ಪರದೆ ಮೇಲೆ ಹಳದಿ: "417. ಮೂರು ಎಣಿಕೆಯಲ್ಲೂ ಒಂದು ಮಾತ್ರೆಯೂ ತಪ್ಪಿಲ್ಲ. ಒತ್ತಡ ಇಳಿದಿಲ್ಲ. ಪರಿಶೀಲಿಸಿ."

ಜೋರಾಗಿ ನಕ್ಕೆ. ಪಕ್ಕದ ಸೀಟಿನವಳು ಏನು ಅಂದ್ಲು. ಏನಿಲ್ಲ ಅಂದೆ. ಕಂಪ್ಯೂಟರಿಗೇನು ಗೊತ್ತು? ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಬಸ್ಸು ತಡವಾಗಿ ಹೊರಡಿಸದ ಹೆಂಗಸು ಮಾತ್ರೆ ತಪ್ಪಿಸ್ತಾಳಾ? ನಾನು ಸ್ಕೂಲಿಗೆ ಹೋಗುವಾಗ ನನ್ನ ಶೂ ಲೇಸ್ ಕೂಡ ಗಡಿಯಾರ ನೋಡ್ಕೊಂಡು ಕಟ್ಟಿಸ್ತಿದ್ದೆ ನೀನು! ನರ್ಸಿಗೆ ಕಳಿಸ್ಲಿಲ್ಲ. "ಸರಿ ಇದೆ" ಅಂತ ಒತ್ತಿ ಮುಚ್ಚಿದೆ. ಪಾಪ ಆ ನರ್ಸಮ್ಮನಿಗೆ ಇನ್ನೊಂದು ಸಲ ಮೆಟ್ಟಿಲು ಉಳೀತು.

ಎಲ್ಲರೂ ತಪ್ಪಿಸ್ತಾರೆ ಚಿಕ್ಕಮ್ಮ, ಪ್ರೊಫೆಸರುಗಳು ಕೂಡ. ಪೂರ್ತಿ ಸರಿ ಇರೋರು ಕೈಬೆರಳಲ್ಲಿ ಎಣಿಸೋ ಅಷ್ಟು. ಎಷ್ಟು ಹೆಮ್ಮೆ ಆಯ್ತು ಗೊತ್ತಾ?

ಆದ್ರೆ ಮೂರನೇ ಮಾತ್ರೆ ಬಂದ್ಮೇಲೂ 164 ಯಾಕೆ? ಡಾಕ್ಟರು ಏನಂತಾರೆ?

ಚಿನಕುರುಳಿ


ಮೇ 16

ಚಿನಕುರುಳಿ,

ಡಾಕ್ಟರು ಏನೂ ಅನ್ನಲ್ಲ. ಲೆಕ್ಕದ ಹಾಳೆ ನೋಡ್ತಾರೆ, ನನ್ನ ಮುಖ ನೋಡ್ತಾರೆ, "ಕೆಲವರ ಬಿಪಿ ಹಟಮಾರಿ" ಅಂತಾರೆ. ಪಕ್ಕದಲ್ಲಿ ನಾಲ್ಕು ಜನ ಕಲಿಯೋ ಹುಡುಗರು ತಲೆ ಆಡಿಸ್ತಾರೆ.

ಒಂದು ಕೇಳ್ಬೇಕಿತ್ತು. ಆ ಹಳದಿ ಪ್ರಶ್ನೆ ಮತ್ತೆ ಬಂದ್ರೆ ಏನು ಮಾಡ್ತೀಯ? ಸುಮ್ನೆ ಕೇಳ್ದೆ.

ಇಲ್ಲಿ ಸೆಕೆ. ಬಸ್ಸಿನ ಫ್ಯಾನು ಕೆಟ್ಟಿದೆ.

ಚಿಕ್ಕಮ್ಮ


ಮೇ 29

ಚಿಕ್ಕಮ್ಮ,

ಬಂತು, ಮುಚ್ಚಿದೆ, ಚಿಂತೆ ಬೇಡ :) ಈ ವಾರ ಆರುನೂರು ಫಾರಂ ಬಾಕಿ, ಆಮೇಲೆ ಉದ್ದ ಬರೀತೀನಿ. ಜೂನ್ ತಪಾಸಣೆ ಯಾವತ್ತು? ಹಿಂದಿನ ದಿನ ಚೆನ್ನಾಗಿ ಮಲಗು.

ಚಿ.


ಜೂನ್ 28

ಚಿನಕುರುಳಿ,

ಗಾಬರಿ ಆಗ್ಬೇಡ, ನಾನೇ ಬರೀತಿದ್ದೀನಿ ಅಂದ್ರೆ ಚೆನ್ನಾಗೇ ಇದ್ದೀನಿ ಅಂತ ಅರ್ಥ.

ಇಪ್ಪತ್ತಮೂರನೇ ತಾರೀಕು, ತಪಾಸಣೆಗೆ ಇನ್ನೆರಡು ದಿನ, ಬೆಳಿಗ್ಗೆಯ ಟ್ರಿಪ್ಪು. ಬಸ್ಸಲ್ಲಿ ನಲವತ್ತಮೂರು ಜನ. ಹೊರಟು ಒಂದೂವರೆ ಗಂಟೆ ಆಗಿತ್ತು. ರಸ್ತೆಯ ಬಿಳಿ ಗೆರೆ ಎರಡಾಯ್ತು. ಆಮೇಲೆ ಬೂದಿ ಬಣ್ಣ ಆಯ್ತು. ಗೇರ್ ಇಳಿಸ್ದೆ, ಎಡಕ್ಕೆ ತಗೊಂಡೆ, ನಿಲ್ಲಿಸ್ದೆ, ಹ್ಯಾಂಡ್‌ಬ್ರೇಕ್ ಎಳೆದೆ. ಇಷ್ಟು ನೆನಪಿದೆ. ಎಳೆದ್ಮೇಲೆ ತಲೆ ಸ್ಟೇರಿಂಗ್ ಮೇಲೆ ಬಿತ್ತಂತೆ, ಹಾರ್ನ್ ಹೊಡ್ಕೊಳ್ತಾನೇ ಇತ್ತಂತೆ. ಮುಂದಿನ ಸೀಟಿನ ಅಜ್ಜಿ "ಸಾಕು ಮಾರಾಯ್ತಿ, ಕಿವಿ ಹೋಯ್ತು" ಅಂತ ನನ್ನ ಭುಜ ಹಿಡಿದು ಎತ್ತಿದ್ರಂತೆ. ಯಾರಿಗೂ ಗೀರು ಕೂಡ ಆಗಿಲ್ಲ.

ಆಸ್ಪತ್ರೇಲಿ ನೋಡಿದಾಗ ಬಿಪಿ 84. ಎರಡು ದಿನ ಬಾಟಲಿ ಏರಿಸಿ ಕಳಿಸಿದ್ರು. ನಿಮ್ಮ ಸಂಶೋಧನೆಯ ಡಾಕ್ಟರೂ ಬಂದಿದ್ರು, ಏನೇನೋ ಬರ್ಕೊಂಡ್ರು.

ಡಿಪೋ ಡಾಕ್ಟರು ಒಳ್ಳೆಯವರು. "ಇದು ಮಾತ್ರೆ ತಪ್ಪು, ನಿಮ್ಮದಲ್ಲ. ಮೂರು ಮಾತ್ರೆ ಅಂದ್ರೆ ಅತಿ ಆಯ್ತು. ಅದನ್ನ ಬಿಡಿ, ತಪಾಸಣೆ ಮೂರು ತಿಂಗಳು ಮುಂದೆ ಹಾಕ್ತೀನಿ, ಮುಂದಿನ ತಿಂಗಳು ಮಧ್ಯದಿಂದ ಡ್ಯೂಟಿಗೆ ಬನ್ನಿ" ಅಂದ್ರು.

ಹಾಗಾಗಿ ಎಲ್ಲಾ ಸರಿ ಹೋಗುತ್ತೆ.

ಚಿಕ್ಕಮ್ಮ


ಜುಲೈ 2

ಚಿಕ್ಕಮ್ಮ,

ನಿನ್ನ ಕಾಗದ ಬರೋಕೆ ಮುಂಚೆನೇ ನನಗೆ ಗೊತ್ತಿತ್ತು. "417, ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಸೇರಿಕೆ" ಅಂತ ಕೆಂಪು ಸಾಲು ಬಂತು. ಪರದೆ ಮುಂದೆ ಕೂತು, ಯಾರಿಗೂ ಹೇಳೋ ಹಾಗಿಲ್ಲದೆ, ಸಂಜೆ ಫೋನ್ ಕೈಗೆ ಸಿಗೋ ತನಕ ಹೇಗಿದ್ದೆ ಅಂತ ಕೇಳ್ಬೇಡ. ಫೋನಲ್ಲಿ ನೀನು "ಚೆನ್ನಾಗಿದ್ದೀನಿ, ಇಡು" ಅಂತ ಇಟ್ಟೆ. ಸರಿ, ಅದಕ್ಕೇ ಕಾಗದ.

ನಿನಗೆ ಗೊತ್ತಿರ್ಬೇಕಾದ ವಿಷಯ. 'ಬೇಗ' ಗುಂಪಲ್ಲಿ ಹೀಗೆ ಬಿದ್ದವರಲ್ಲಿ ನೀನು ಐದನೆಯವಳು. ಐದಾದ್ರೆ ಸುರಕ್ಷತಾ ಸಮಿತಿ ಸೇರ್ಲೇಬೇಕು. ಇಪ್ಪತ್ತನೇ ತಾರೀಕು ಸೇರ್ತಾರೆ. ಬೇಗ ಬೇಗ ಮಾತ್ರೆ ಏರಿಸೋದು ಅಪಾಯ ಅನ್ನಿಸಿದ್ರೆ ಆ ಗುಂಪನ್ನೇ ನಿಲ್ಲಿಸ್ತಾರೆ. ಎಲ್ಲರಿಗೂ ನಿಲ್ಲಿಸಿದ ಹಾಗೆ. ಎಲ್ಲೆಲ್ಲೂ ಡಾಕ್ಟರುಗಳು "ನಿಧಾನವಾಗಿ ಕೊಡಿ" ಅಂತಾರೆ. ಅಪಾಯ ನಿಜವಾಗಿದ್ರೆ ನಿಲ್ಲಿಸ್ಲೇಬೇಕು. ನಿಜ ಅಲ್ಲದಿದ್ರೆ, ಅಮ್ಮನ ಥರದವರು ಇನ್ನೂ ಆರು ತಿಂಗಳು ಅದೇ ಬಿಪಿ ಹೊತ್ಕೊಂಡು ಓಡಾಡ್ತಾರೆ.

ಒಂದು ವಿಷಯ ತಲೆಯಿಂದ ಹೋಗ್ತಿಲ್ಲ. ಮಾರ್ಚಿಂದ ಮೂರೂ ಮಾತ್ರೆ ನುಂಗ್ತಿದ್ದೀಯ. ಮೂರು ತಿಂಗಳು 164. ತಪಾಸಣೆಗೆ ಎರಡು ದಿನ ಇದೆ ಅನ್ನುವಾಗ ಒಮ್ಮೆಗೇ 84. ಆ ವಾರವೇ ಯಾಕೆ?

ಚಿಕ್ಕಮ್ಮ, ಆ ವಾರವೇ ಯಾಕೆ?

ಚಿನಕುರುಳಿ


ಜುಲೈ 9

ಚಿನಕುರುಳಿ,

ಮೂರು ಹಾಳೆ ಹರಿದು ಹಾಕ್ದೆ. ಇದು ನಾಲ್ಕನೇದು, ಹೇಗೆ ಬರುತ್ತೋ ಹಾಗೆ.

ನುಂಗ್ಲಿಲ್ಲ ಕಣೆ. ವಾರದ ರಜೆ ದಿನ ಮಾತ್ರ ನುಂಗ್ತಿದ್ದೆ. ಡ್ಯೂಟಿ ದಿನ ಆ ನೀರಿನ ಮಾತ್ರೆ ತಗೊಂಡ್ರೆ ಒಂದು ಗಂಟೇಲಿ ಹೋಗ್ಲೇಬೇಕು. ನಾಲ್ಕೂವರೆ ಗಂಟೆ ಎಲ್ಲಿಗೆ ಹೋಗ್ಲಿ? ಜನವರೀಲಿ ಒಂದು ದಿನ ನುಂಗಿ ಹೋಗಿ, ಸ್ಟಾಪಲ್ಲಿ ಬೀಗ ನೋಡಿ, ಉಳಿದ ಎರಡು ಗಂಟೆ ಹಲ್ಲು ಕಚ್ಕೊಂಡು ಓಡಿಸ್ದೆ. ಡಿಪೋ ಮುಟ್ಟೋದ್ರೊಳಗೆ ಸೀಟು ಒದ್ದೆ ಆಗಿತ್ತು. ಇದನ್ನ ಈ ಜಗತ್ತಲ್ಲಿ ಯಾರಿಗೂ ಹೇಳಿಲ್ಲ. ಬಾಟಲಿ ನೀರು ಚೆಲ್ಲಿತು ಅಂತ ಮೀಸೆಗೆ ಹೇಳಿ ನಾನೇ ತೊಳೆದೆ. ಅವತ್ತಿಂದ ಬಿಟ್ಟೆ. ಒಂದು ಬಿಟ್ಮೇಲೆ ಉಳಿದವೂ ಬಿಟ್ಟುಹೋದವು.

ಅದನ್ನ ಆ ನಾಲ್ಕು ಹುಡುಗರ ಮುಂದೆ ಡಾಕ್ಟರಿಗೆ ಹೇಗೆ ಹೇಳ್ಲಿ?

ನರ್ಸಮ್ಮ ಬರೋ ಹಿಂದಿನ ದಿನ ಡಬ್ಬೀಲಿ ಎರಡೇ ಉಳಿಸಿ, ಮಿಕ್ಕಿದ್ದನ್ನ ಡಿಪೋದ ಹಳೇ ಆಯಿಲ್ ಡ್ರಮ್ಮಿಗೆ ಹಾಕ್ತಿದ್ದೆ. ಅವರ ಮಂಡಿಗೆ ಒಂದು ಗುಲಾಬಿ ಫಾರಂ ಉಳೀತಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಅದು ಅರ್ಧ ನಿಜ. ಇನ್ನರ್ಧ ನೀನು. ಏಪ್ರಿಲಲ್ಲಿ ಬರೆದ ಕಾಗದದಲ್ಲಿ ಹೆಮ್ಮೆ ಅಂದಿದ್ದೆಯಲ್ಲ. ಅದನ್ನ ಓದಿದ್ಮೇಲೆ ಹೇಳೋಕೆ ಬಾಯಿ ಬರಲಿಲ್ಲ. ಮೇ ತಿಂಗಳಲ್ಲಿ ಸುತ್ತಿ ಬಳಸಿ ಕೇಳ್ದೆ. ನೀನು ನಗು ಮುಖ ಹಾಕಿ ಕಳಿಸ್ದೆ.

ಜೂನಲ್ಲಿ ತಪಾಸಣೆ ಹತ್ರ ಬಂತು. ಬಿಪಿ ಇಳಿಸ್ಲೇಬೇಕು ಅಂತ ನಾಲ್ಕು ದಿನ ಮೂರೂ ನುಂಗ್ದೆ. ದಾರೀಲಿ ಹೋಗ್ಬೇಕಾಗ್ಬಾರದು ಅಂತ ನೀರು ಕುಡಿಯೋದು ಬಿಟ್ಟೆ. ಐದನೇ ದಿನ ಹಾರ್ನ್ ಹೊಡ್ಕೊಳ್ತು.

ಈಗ ಹೇಳು. ಹದಿನಾರಕ್ಕೆ ಡ್ಯೂಟಿಗೆ ಕರೆದಿದ್ದಾರೆ. ನಾನು ಸುಮ್ನಿದ್ರೆ ತಪ್ಪು ಮಾತ್ರೇದು, ಸೀಟು ನನ್ನದು. ಬಾಯಿಬಿಟ್ರೆ, ಔಷಧಿ ತಗೊಳ್ಳದೆ ಜನರನ್ನ ಕೂರಿಸ್ಕೊಂಡು ಓಡಿಸಿದ ಡ್ರೈವರು ಅಂತ ಆಗುತ್ತೆ. ಅದೂ ಸುಳ್ಳಲ್ಲ. ನಿನ್ನ ಕೆಲಸಕ್ಕೂ ಏನಾಗುತ್ತೋ.

417 ಅನ್ನೋದನ್ನ ನಿನ್ನ ಕಂಪ್ಯೂಟರಿಂದ ಅಳಿಸಿಬಿಡೋಕೆ ಆಗಲ್ವಾ? ನಾನು ಇರಲೇ ಇಲ್ಲ ಅಂತ ಮಾಡಿ, ನಾಲ್ಕೇ ಜನ ಬಿದ್ದಿದ್ದು ಅಂತ?

ಚಿಕ್ಕಮ್ಮ


ಜುಲೈ 12

ಚಿಕ್ಕಮ್ಮ,

ನಿನ್ನ ಕಾಗದ ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಓದಿದೆ, ಅಕ್ಕಪಕ್ಕದ ರೂಮಿನವರಿಗೆ ಕೇಳದಿರ್ಲಿ ಅಂತ.

ಜನವರಿಯ ಆ ಸೀಟಿನ ವಿಷಯ ನನ್ನ ಹತ್ರ ಇರುತ್ತೆ. ಎಲ್ಲೂ ಹೋಗಲ್ಲ.

ಅಳಿಸೋಕೆ ಆಗಲ್ಲ. ಆಗಲ್ಲ ಅನ್ನೋದು ನನ್ನ ಹೆದರಿಕೆ ಅಲ್ಲ, ನಿಯಮ. ಈ ಕೆಲಸದಲ್ಲಿ ಯಾರನ್ನೂ ಅಳಿಸಲ್ಲ. ಮಾತ್ರೆ ನುಂಗಿದವರು, ನುಂಗದವರು, ಮರೆತವರು, ಎಸೆದವರು, ಎಲ್ಲರೂ ಮೊದಲು ಯಾವ ಗುಂಪಲ್ಲಿ ಇದ್ರೋ ಅದೇ ಗುಂಪಲ್ಲಿ ಕೊನೇ ತನಕ ಲೆಕ್ಕಕ್ಕೆ ಬರ್ತಾರೆ. ಯಾಕಂದ್ರೆ ನಾಳೆ ನಿಜವಾದ ಊರಲ್ಲಿ ಡಾಕ್ಟರು ಮಾತ್ರೆ ಬರೆದುಕೊಟ್ಟಾಗಲೂ ಜನ ಹೀಗೇ ಮಾಡ್ತಾರೆ. ನೀನು ಬಿದ್ದಿದ್ದು ನಿಜ, ಅದು ಉಳಿಯುತ್ತೆ. ಯಾಕೆ ಬಿದ್ದೆ ಅನ್ನೋದು ಮಾತ್ರ ಅಲ್ಲಿಲ್ಲ. ಅದು ಗೊತ್ತಿರೋದು ನಿನಗೊಬ್ಬಳಿಗೇ. ಈಗ ನನಗೂ.

ನನ್ನ ಪಾಲು ಹೇಳ್ತೀನಿ. ಆ ಹಳದಿ ಪ್ರಶ್ನೆ ಎರಡು ಸಲ ನಿನ್ನ ಬಾಗಿಲು ತಟ್ಟೋಕೆ ಹೊರಟಿತ್ತು. ಎರಡು ಸಲವೂ ನಾನೇ ಅಡ್ಡ ನಿಂತೆ. ಆ ನಂಬರ್ ಯಾರದು ಅಂತ ನನಗೆ ಗೊತ್ತಿಲ್ಲದೆ ಇದ್ದಿದ್ರೆ ಏಪ್ರಿಲಲ್ಲೇ ನರ್ಸಮ್ಮ ನಿನ್ನೆದುರು ಕೂತು ಕೇಳ್ತಿದ್ರು, ನೀನು ಅವರೊಬ್ಬರಿಗೆ ಹೇಳ್ತಿದ್ದೆ. ನಿನ್ನನ್ನ ಚೆನ್ನಾಗಿ ಬಲ್ಲೆ ಅಂತ ಕೇಳದೇ ಬಿಟ್ಟೆ.

ಇವತ್ತು ಹೆಡ್‌ಮಾಸ್ಟ್ರ ರೂಮಿಗೆ ಹೋಗಿ ನನ್ನದನ್ನ ಹೇಳ್ದೆ. ನಂಬರ್ ಗೊತ್ತಿತ್ತು, ಮುಚ್ಚಿಟ್ಟೆ, ಪ್ರಶ್ನೆ ಮುಚ್ಚಿದೆ ಅಂತ. ಅವರು ಕನ್ನಡಕ ತೆಗೆದು ಒರೆಸಿ, "ಕೂತ್ಕೊ" ಅಂದ್ರು. ಆಮೇಲೆ "ಯಾಕೆ ನಗ್ತಿದ್ದೆ ಅವತ್ತು ಅಂತ ನಾನೂ ಕೇಳ್ಬೇಕಿತ್ತು" ಅಂದ್ರು. ನನ್ನ ಪಾಸ್‌ವರ್ಡ್ ಆಗ್ಲೇ ಕಿತ್ಕೊಂಡ್ರು.

ನಿನ್ನದನ್ನ ಹೇಳ್ಲಿಲ್ಲ. ನಾನು ಹೇಳಿದ್ರೆ ಅದು ಚಾಡಿ, ನೀನು ಹೇಳಿದ್ರೆ ಮಾಹಿತಿ. ಆದ್ರೆ ಸಮಿತಿ ಇಪ್ಪತ್ತಕ್ಕೆ. ಹದಿನೆಂಟರೊಳಗೆ ನಿನ್ನಿಂದ ಏನೂ ಬರದಿದ್ರೆ ನಾನು ಹೇಳ್ಲೇಬೇಕಾಗುತ್ತೆ. ಬೆದರಿಕೆ ಅಂದ್ಕೋಬೇಡ ಚಿಕ್ಕಮ್ಮ. ನನಗೂ ಇಷ್ಟ ಇಲ್ಲ.

ಸೀಟು ಹೋಗ್ಬಹುದು. ಹೋಗಲ್ಲ ಅಂತ ಸುಳ್ಳು ಹೇಳಲ್ಲ.

ಚಿನಕುರುಳಿ


ಜುಲೈ 15

ಸುರಕ್ಷತಾ ಸಮಿತಿಯವರಿಗೆ,
ಪ್ರತಿ: ಡಿಪೋ ವ್ಯವಸ್ಥಾಪಕರಿಗೆ ಮತ್ತು ಡಿಪೋ ವೈದ್ಯರಿಗೆ

ನಾನು ನಿಮ್ಮ ಸಂಶೋಧನೆಯಲ್ಲಿ 417ನೇ ಸಂಖ್ಯೆಯವಳು. ವೃತ್ತಿಯಲ್ಲಿ ದೂರ ಮಾರ್ಗದ ಬಸ್ ಚಾಲಕಿ.

ಜನವರಿಯಿಂದ ಜೂನ್ ಮಧ್ಯದವರೆಗೆ ನೀವು ಕೊಟ್ಟ ಮಾತ್ರೆಗಳನ್ನು ನಾನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಿದ್ದೇನೆ. ಉಳಿದವನ್ನು ಎಣಿಕೆಯ ಮುನ್ನಾದಿನ ಎಸೆದಿದ್ದೇನೆ. ನರ್ಸ್ ಅವರ ಎಣಿಕೆ ಸರಿಯಾಗಿತ್ತು. ಡಬ್ಬಿ ಸುಳ್ಳು ಹೇಳಿತು. ಅವರ ತಪ್ಪೇನೂ ಇಲ್ಲ.

ಜೂನ್ 19ರಿಂದ ನಾಲ್ಕು ದಿನ ಮೂರೂ ಮಾತ್ರೆಗಳನ್ನು ಪೂರ್ತಿ ಸೇವಿಸಿ, ನೀರು ಕುಡಿಯುವುದನ್ನು ಬಿಟ್ಟೆ. 23ರಂದು ಬಸ್ ಓಡಿಸುವಾಗ ಕಣ್ಣು ಕತ್ತಲಾಯಿತು. ಬಸ್ಸಿನಲ್ಲಿ ನಲವತ್ತಮೂರು ಜನರಿದ್ದರು.

ಕಾರಣ ಇಷ್ಟೇ. ನನ್ನ ಮಾರ್ಗ ನಾಲ್ಕೂವರೆ ಗಂಟೆಯದು. ಮಧ್ಯದ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಯಾವಾಗಲೂ ಬೀಗ ಹಾಕಿರುತ್ತದೆ. ಆ ಮಾತ್ರೆ ನುಂಗಿದರೆ ಅಷ್ಟು ಹೊತ್ತು ತಡೆಯಲು ಆಗುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ.

ನಾಳೆಯಿಂದ ಡ್ಯೂಟಿಗೆ ಬರಲು ಹೇಳಿದ್ದಾರೆ. ಈ ಪತ್ರ ಓದಿದ ಮೇಲೆ ನಿರ್ಧರಿಸಲಿ ಎಂದು ನಾನು ಬರುತ್ತಿಲ್ಲ.

ಸಹಿ
417


ಆಗಸ್ಟ್ 6

ಚಿಕ್ಕಮ್ಮ,

ಗುಂಪು ನಿಲ್ಲಿಸ್ಲಿಲ್ಲ!! ಮೊದಲು ಅದನ್ನ ಹೇಳ್ಬಿಡ್ತೀನಿ.

ನಿನ್ನ ಪತ್ರವನ್ನ ಸಮಿತಿಯ ಹಿರಿಯರು ಎರಡು ಸಲ ಗಟ್ಟಿಯಾಗಿ ಓದಿಸಿದ್ರಂತೆ. ಆಮೇಲೆ ಉಳಿದ ನಾಲ್ಕೂ ಜನರ ಮನೆಗೆ ನರ್ಸುಗಳನ್ನ ಕಳಿಸಿ, ತಟ್ಟೆ ಇಲ್ಲದೆ ಸುಮ್ನೆ ಕೂತು ಮಾತಾಡಿ ಬನ್ನಿ ಅಂದ್ರು. ಅದರಲ್ಲಿ ಒಬ್ಬರು ಕ್ರೇನ್ ಓಡಿಸೋರು. ಮೇಲೆ ಹತ್ತಿದ್ರೆ ಊಟದ ಹೊತ್ತಿಗೇ ಇಳಿಯೋದು. ಅವರೂ ನಿನ್ನ ಹಾಗೇ! ಇನ್ನು ಮೂವರು ನಿಜವಾಗ್ಲೂ ಸರಿಯಾಗಿ ನುಂಗಿ ಬಿದ್ದವರು. ಹಾಗಾಗಿ ಅಪಾಯ ಇಲ್ಲ ಅಂತ ಅಲ್ಲ. ಜಾಗ್ರತೆಯಿಂದ ಮುಂದುವರಿಸಿ, ಮಾತ್ರೆ ಏರಿಸೋಕೆ ಮುಂಚೆ ಕೂತು ಕೇಳಿ ಅಂದ್ರು.

ನನಗೆ ಆರು ತಿಂಗಳು ಡೇಟಾ ರೂಮಿನ ಬಾಗಿಲು ಬಂದ್. ತರಬೇತಿ ಮೊದಲಿಂದ. ಈಗ ಫಾರಂ ಬರೆಯೋ ವಿಭಾಗದಲ್ಲಿ ಅಲ್ಪವಿರಾಮ ತಿದ್ದೋ ಕೆಲಸ. ಹೆಡ್‌ಮಾಸ್ಟ್ರು ನಿನ್ನೆ ಬಂದು ಒಂದು ಖಾಲಿ ಹಾಳೆ ಇಟ್ಟು, "ಒಂದೇ ಒಂದು ಪ್ರಶ್ನೆ ಸೇರಿಸೋಕೆ ಜಾಗ ಇದೆ. ಹನ್ನೆರಡು ಪದದೊಳಗೆ. ನೀನೇ ಬರಿ" ಅಂತ ಹೋದ್ರು. ಬೆಳಿಗ್ಗೆಯಿಂದ ನಲವತ್ತು ಸಲ ಬರೆದಿದ್ದೀನಿ.

ಮೀಸೆ ಹೇಳಿದ್ರು, ನಿನ್ನನ್ನ ಟೈಂಟೇಬಲ್ ರೂಮಲ್ಲಿ ಕೂರಿಸಿದ್ದಾರೆ ಅಂತ. ನೀನೇ ಯಾಕೆ ಹೇಳ್ಲಿಲ್ಲ?

ಚಿನಕುರುಳಿ


ಅಕ್ಟೋಬರ್ 4

ಚಿನಕುರುಳಿ,

ಹೇಳೋಕೆ ಏನಿತ್ತು. ಕುರ್ಚಿ ಅಲುಗಾಡಲ್ಲ, ಕಿಟಕಿ ಹೊರಗಿನ ಗೋಡೆ ಮುಂದೆ ಹೋಗಲ್ಲ. ಯಾವ ಬಸ್ಸು ಯಾವಾಗ ಹೊರಡ್ಬೇಕು ಅಂತ ಬರ್ಕೊಂಡು ಕೂತಿರ್ತೀನಿ. ಹೊಸಬರು ತಡವಾಗಿ ಹೊರಟ್ರೆ ಬೈತೀನಿ. ನನಗೆ 'ಅಲಾರಂ' ಅಂತ ಹೆಸರಿಟ್ಟಿದ್ದಾರೆ.

ಮಾತ್ರೆ ಬದಲಾಯ್ತು. ನೀರಿನದು ಬಿಡಿಸಿ ಬೇರೆ ಎರಡು ಕೊಟ್ಟಿದ್ದಾರೆ. ನುಂಗ್ತಿದ್ದೀನಿ. ಮೊನ್ನೆ 134. ನವೆಂಬರ್ ಮೂರನೇ ತಾರೀಕು ಡಿಪೋದವರು ಮತ್ತೆ ತಪಾಸಣೆ ಮಾಡಿ ಸೀಟಿನ ವಿಷಯ ತೀರ್ಮಾನ ಮಾಡ್ತಾರೆ. ಕೊಡ್ಬಹುದು, ಕೊಡದೆಯೂ ಇರ್ಬಹುದು. ವ್ಯವಸ್ಥಾಪಕರು ನನ್ನ ಮುಖ ಸರಿಯಾಗಿ ನೋಡ್ತಿಲ್ಲ.

ನಿನ್ನೆ ನರ್ಸಮ್ಮ ಬಂದಿದ್ರು. ಜುಲೈ ಆದ್ಮೇಲೆ ಎರಡು ತಿಂಗಳು ಬೇರೆಯವರನ್ನ ಕಳಿಸಿದ್ರು. ಇವರಿಗೆ ನನ್ನ ಮೇಲೆ ಕೋಪ. ನಿಮ್ಮ ಮಂಡಿಗೆ ಒಂದು ಫಾರಂ ಉಳೀಲಿ ಅಂತಾನೂ ಹಾಗೆ ಮಾಡ್ದೆ ಅಂದಿದ್ದಕ್ಕೆ, "ನನ್ನ ಮಂಡಿ ಮೇಲೆ ಅಷ್ಟು ಕನಿಕರ ಇದ್ದಿದ್ರೆ ಡಬ್ಬಿ ತಗೊಂಡು ನೀವೇ ಕೆಳಗೆ ಬರ್ಬೇಕಿತ್ತು" ಅಂದ್ರು. ಚಹಾ ಕೊಟ್ಟೆ. ಕುಡಿಯಲ್ಲ ಅಂದ್ರು. ಆಮೇಲೆ ಕುಡಿದ್ರು.

ಫಾರಂ ತೆಗೆದ್ರು. ಹೊಸ ಹಾಳೆ. ಮೊದಲನೇ ಪ್ರಶ್ನೆಯನ್ನ ಕನ್ನಡಕ ಮೇಲೆತ್ತಿ ಓದಿದ್ರು:

"ನಿಮ್ಮ ಕೆಲಸದ ಹೊತ್ತಿನಲ್ಲಿ, ಬೇಕಾದಾಗ ಶೌಚಾಲಯಕ್ಕೆ ಹೋಗಲು ನಿಮಗೆ ಸಾಧ್ಯವೇ?"

ನಾನು ಎಣಿಸ್ದೆ. ಎಂಟು ಪದ. ನಾಲ್ಕು ಉಳಿಸಿದ್ದೀಯ.

ನರ್ಸಮ್ಮ, "ಇದು ಹೊಸದು. ಕೇಳಿದ್ರೆ ಜನ ಮೊದಲು ನಗ್ತಾರೆ, ಆಮೇಲೆ ಅರ್ಧ ಗಂಟೆ ಮಾತಾಡ್ತಾರೆ. ಹೋದ ವಾರ ಒಬ್ಬ ಟೀಚರು ಅತ್ತೇಬಿಟ್ರು" ಅಂದ್ರು. ಮೂವತ್ತು ಮನೇಲಿ ಹನ್ನೊಂದು 'ಇಲ್ಲ' ಅಂತೆ.

"ನಿಮಗೆ ಹೌದು ಅಂತ ಹಾಕ್ಲಾ?" ಅಂದ್ರು. "ಈಗ ಆಫೀಸ್ ಕೆಲಸ ತಾನೇ? ಪಕ್ಕದಲ್ಲೇ ಇರುತ್ತೆ."

"ಎಂಟು ಹೆಜ್ಜೆ" ಅಂದೆ. "ಆದ್ರೂ ಇಲ್ಲ ಅಂತ ಹಾಕಿ."

"ಈ ಸಲವಾದ್ರೂ ನಿಜ ಹೇಳಿ ಮಾರಾಯ್ರೆ."

"ಮೇಲಿನ ಸಾಲಲ್ಲಿ ಕೆಲಸ ಅಂತ ಇದೆಯಲ್ಲ, ಅದನ್ನ ಮೊದಲು ತುಂಬಿ" ಅಂದೆ. "ಬಸ್ ಓಡಿಸೋದು."

ನರ್ಸಮ್ಮ ನನ್ನ ಮುಖ ನೋಡಿದ್ರು. ಆಮೇಲೆ ಹಾಗೇ ಬರೆದ್ರು.

ನಿನ್ನ
ಚಿಕ್ಕಮ್ಮ